ಕಟ್ಟು ಹಾಕ್ಬ್ಯಾಡ್ರಿ

“ಈ ನಾಯಿನ ಸಾಕಕ್ಕೆ ತಂದೀರೋ, ಸಾಯ್ಸಕ್ಕೆ ತಂದೀರೋ?”

ಹರಿಹರದ ದನದ ದವಾಖಾನೆಯ ಅಂಗಳದಲ್ಲಿದ್ದ ಎತ್ತು ಎಮ್ಮೆಗಳ ಒಡೆಯರೆಲ್ಲ ತಿರುಗಿ ನೋಡುವ ಹಾಗೆ ಕೂಗಿದ್ದ ಆ ಡಾಕ್ಟರ್!

ದ್ರಾಕ್ಷಾಯಣಿಯ ಮುಖ ಕೆಂಪೇರಿತು. ಅವಳು ದಾವಣಗೆರೆಯ ಪಿ.ಜೆ. ಬಡಾವಣೆಯ ಹತ್ತಿ ವ್ಯಾಪಾರಿ ಹಾಲೇಶಪ್ಪನವರ ಒಬ್ಬಳೇ ಮಗಳು. ಹುಟ್ಟಿದ ಇಪ್ಪತ್ತು ವರ್ಷದಲ್ಲಿ ಅವಳ ಮೇಲೆ ಯಾರೂ ದನಿ ಏರಿಸಿದವರಿಲ್ಲ. ಆ ಮನೆಯಲ್ಲಿ ದನಿ ಏರಿಸುವ ಕೆಲಸವೇನಿದ್ದರೂ ಅವಳದೇ!

“ಬಾಯಿ ಬಿಗಿಹಿಡಿದು ಮಾತಾಡ್ರಿ! ಮಗುವಿನ ಹಂಗೆ ಸಾಕೀನಿ ಇದನ್ನ.”

“ಏನು ತಿನ್ಸಿದ್ರಿ ಮಗುವಿಗೆ?”

“ನಿನ್ನೆ ಯುಗಾದಿ ಅಲ್ಲೇನ್ರಿ? ನಾವೆಲ್ಲ ಉಂಡದ್ದೇ ಅದಕ್ಕೂ ಹಾಕಿದ್ವಿ. ನಾಲ್ಕು ಹೋಳಿಗೆ, ತುಪ್ಪ, ಒಂದು ಬಟ್ಟಲು ಸಾರು...”

“ನಾಲ್ಕು!” ಡಾಕ್ಟರ್ ಹಣೆ ಚಚ್ಚಿಕೊಂಡ.

ಅವಳ ಕಾಲ ಬಳಿ ಬಿಳಿ ನಾಯಿ ಅರಳೆ ಮುದುಡಿಕೊಂಡು ನಡುಗುತ್ತಿತ್ತು. ಎರಡು ವರ್ಷದ ಹಿಂದೆ ಅಪ್ಪನ ಗೋದಾಮಿನ ಹತ್ತಿ ಅಂಡಿಗೆಗಳ ಹಿಂದೆ ಕಣ್ಣು ಬಿಡದ ಮರಿಯಾಗಿ ಸಿಕ್ಕಿತ್ತು. ಬಿಡಿಸಿದ ಹತ್ತಿಯ ಹಾಗೆ ಬೆಳ್ಳಗಿತ್ತು ಅಂತ ಅವಳೇ ಆ ಹೆಸರಿಟ್ಟಿದ್ದಳು. ಬೆಳಗಿನಿಂದ ವಾಂತಿ. ದಾವಣಗೆರೆಯ ದನದ ಡಾಕ್ಟರು ರಜೆಯಲ್ಲಿದ್ದರು. ಅಪ್ಪನ ಲಾರಿ ಡ್ರೈವರ್ ಕುತುಬುದ್ದೀನ್ ಹರಿಹರಕ್ಕೆ ಹೊರಟಿದ್ದ, ಆ ಲಾರಿಯಲ್ಲೇ ಹತ್ತಿ ಬಂದಿದ್ದಳು. ಇಲ್ಲಿ ನೋಡಿದರೆ ಈ ಮನುಷ್ಯ ನಾಯಿ ನೋಡುವ ಬದಲು ಅವಳನ್ನೇ ಕಚ್ಚಲು ಬರುತ್ತಿದ್ದಾನೆ!

ಅವನ ಹೆಸರು ಬಕ್ಕೇಶ. ಕೊಕ್ಕನೂರಿನ ರೈತರ ಮಗ. ಓದು ಮುಗಿಸಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಬಾಯಿ ಎಷ್ಟು ಒರಟೋ ಕೈ ಅಷ್ಟೇ ಮೃದು. ಅರಳೆಯ ಹೊಟ್ಟೆ ಒತ್ತಿ ನೋಡಿದ, ಒಸಡು ನೋಡಿದ, ಸೂಜಿ ಚುಚ್ಚಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಕೊನೆಗೆ ಸರಪಳಿ ಉಜ್ಜಿ ಕೆಂಪಾಗಿದ್ದ ಕುತ್ತಿಗೆಗೆ ಮುಲಾಮು ಹಚ್ಚುತ್ತಾ ಹೇಳಿದ.

“ಇವತ್ತು ಬರೀ ನೀರು, ಸ್ವಲ್ಪ ಸ್ವಲ್ಪ. ನಾಳೆಯಿಂದ ಉಪ್ಪಿಲ್ಲದ ಅಕ್ಕಿ ಗಂಜಿ. ಸಿಹಿ ಮುಟ್ಟಿಸ್ಬ್ಯಾಡ್ರಿ. ಇನ್ನೊಂದು, ಮನೆ ಮಂದಿಗೆಲ್ಲ ಹೇಳ್ರಿ... ಇದಕ್ಕೆ ಕಟ್ಟು ಹಾಕ್ಬ್ಯಾಡ್ರಿ. ಕುತ್ತಿಗೆಗೇ ಬರ್ತೈತೆ.”

‘ಏನು ಸೊಕ್ಕು! ಆದರೂ ನಾಯಿ ಮೇಲೆ ಕರುಣೆ ಇದೆ...’ ಅಂದುಕೊಂಡಳು ದ್ರಾಕ್ಷಾಯಣಿ. ಆ ಕರುಣೆ ಕಂಡು ತನ್ನ ಸಿಟ್ಟು ಒಂದು ಚೂರು ಕಮ್ಮಿಯಾದದ್ದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

ಮನೆಗೆ ಬಂದವಳೇ ಸರಪಳಿ ಬಿಚ್ಚಿ ಅಟ್ಟಕ್ಕೆ ಎಸೆದಳು. ಡಾಕ್ಟರೇ ಕಟ್ಟಬೇಡಿ ಅಂದ ಮೇಲೆ ಮುಗೀತಲ್ಲ!

ನಾಲ್ಕು ದಿನ ಅರಳೆ ರಾಜನ ಹಾಗೆ ತಿರುಗಿತು. ಐದನೆಯ ದಿನ ಬೆಳಗ್ಗೆ ಪಕ್ಕದ ಮನೆಯ ಎಣ್ಣೆ ವ್ಯಾಪಾರಿ ಉಜ್ಜನಪ್ಪ, ಬೀದಿಯಲ್ಲಿ ಕಾಲಿಗೆ ಅಡ್ಡ ಬಂತು ಅಂತ ಅದಕ್ಕೆ ಕೊಡೆಯಲ್ಲಿ ನಾಲ್ಕು ಬಾರಿಸಿದ. ಅದು ಅವನ ಮೀನಖಂಡ ಕಚ್ಚಿತು.

“ಹುಚ್ಚು ನಾಯಿ! ಹುಚ್ಚು ನಾಯಿ!” ಇಡೀ ಬೀದಿ ಬಾಯಿ ಬಡಿದುಕೊಂಡಿತು. ನಿನ್ನೆವರೆಗೆ “ಎಷ್ಟು ಚಂದ ಐತಮ್ಮ ನಾಯಿ” ಅಂತಿದ್ದ ಬಾಯಿಗಳೇ!

“ಸಂಜೆಗೆ ಮುನ್ಸಿಪಾಲ್ಟಿ ಬಂದೂಕಿನವರನ್ನ ಕರೆಸ್ತೀನಿ ಹಾಲೇಶಪ್ಪ. ನಿನ್ನ ನಾಯಿನ ಗುಂಡಿಟ್ಟು ಕೊಲ್ಲಿಸ್ಲಿಲ್ಲ, ನಾನು ಉಜ್ಜನಪ್ಪನೇ ಅಲ್ಲ!”

ಹಾಲೇಶಪ್ಪನವರು ತಲೆ ತಗ್ಗಿಸಿದರು. “ಏನು ಮಾಡ್ಲಿ ಮಗಳೇ? ತಪ್ಪು ನಮ್ದು. ಬಿಚ್ಚಿ ಬಿಡಬಾರದಿತ್ತು.”

“ನಮ್ದಲ್ಲ ಅಪ್ಪಾಜಿ! ತಪ್ಪು ಯಾರದ್ದು ಅಂತ ನನಗೆ ಗೊತ್ತೈತೆ!”

ಅರಳೆಯನ್ನು ಕೋಣೆಯಲ್ಲಿ ಕೂಡಿ ಬೀಗ ಹಾಕಿ, ಮತ್ತೆ ಕುತುಬುದ್ದೀನನ ಲಾರಿ ಹತ್ತಿದಳು. ಹರಿಹರದಲ್ಲಿ ಇಳಿದಾಗ ಬಕ್ಕೇಶ ಎಮ್ಮೆಯೊಂದರ ಕಾಲಿಗೆ ಪಟ್ಟಿ ಸುತ್ತುತ್ತಿದ್ದ.

“ಸಮಾಧಾನ ಆಯ್ತೇನ್ರಿ ಡಾಕ್ಟ್ರೆ? ನಿಮ್ಮ ಮಾತು ಕೇಳಿ ನನ್ನ ಅರಳೆ ಇವತ್ತು ಸಂಜೆ ಸಾಯ್ತೈತೆ!”

“ನಾನೇನು ಹೇಳ್ದೆ?”

“ಕಟ್ಟು ಹಾಕ್ಬ್ಯಾಡ್ರಿ ಅಂದ್ರಿ! ಸರಪಳಿ ಬಿಚ್ಚಿದೆ. ಬೀದಿಗೆ ಹೋಗಿ ಮನುಷ್ಯನ್ನ ಕಚ್ಚಿ ಬಂತು!”

ಬಕ್ಕೇಶ ಕಣ್ಣು ಕಣ್ಣು ಬಿಟ್ಟ. “ಅಯ್ಯೋ... ಕಟ್ಟು ಅಂದ್ರೆ ಬೇಳೆ ಕಟ್ರಿ! ಹೋಳಿಗೆಗೆ ಬೇಳೆ ಬೇಯ್ಸಿ ಬಸೀತಾರಲ್ಲ, ಆ ನೀರು! ಖಾರ, ಬೆಳ್ಳುಳ್ಳಿ ಹಾಕಿ ಕುದ್ಸಿದ್ದು! ಅದು ನಾಯಿಗೆ ವಿಷ, ಅದನ್ನ ಹಾಕ್ಬ್ಯಾಡ್ರಿ ಅಂದದ್ದು ನಾನು.”

“ನಮ್ಮನ್ಯಾಗೆ ಅದಕ್ಕೆ ಹೋಳಿಗೆ ಸಾರು ಅಂತೀವಿ!”

“ನಮ್ಮ ಕೊಕ್ಕನೂರಾಗೆ ಕಟ್ಟು ಅಂತಾರೆ.”

“ಕುತ್ತಿಗೆಗೆ ಮುಲಾಮು ಹಚ್ತಾ, ಕುತ್ತಿಗೆಗೇ ಬರ್ತೈತೆ ಅಂತ ಹೇಳಿದ್ರೆ ಯಾರು ತಾನೇ ಸಾರು ಅಂದ್ಕೊಂತಾರೆ?”

ಅವನಿಗೆ ನಗು ಉಕ್ಕಿಬಂತು. ನಕ್ಕೇಬಿಟ್ಟ!

ಅವಳ ಕಣ್ಣಲ್ಲಿ ದಳದಳ ನೀರು ಸುರಿಯಿತು. “ನಗ್ರಿ... ಚೆನ್ನಾಗಿ ನಗ್ರಿ. ನಿಮಗದು ಬರೀ ನಾಯಿ!”

ಬಕ್ಕೇಶ ನಗು ನಿಲ್ಲಿಸಿದ. ಕೈ ತೊಳೆದುಕೊಂಡ, ಕಾಂಪೌಂಡರಿಗೆ ಏನೋ ಹೇಳಿದ, ಸೀದಾ ಹೋಗಿ ಲಾರಿ ಹತ್ತಿದ.

“ಬರ್ರಿ. ಬಿಡಿಸಿ ಹೇಳದೆ ಇದ್ದದ್ದು ನನ್ನ ತಪ್ಪು. ನಾನಿರೋವರೆಗೆ ಅದರ ಕೂದಲು ಕೊಂಕಲ್ಲ.”

ಪಿ.ಜೆ. ಬಡಾವಣೆಯಲ್ಲಿ ಜನ ಸೇರಿದ್ದರು. ಬಕ್ಕೇಶ ಮೊದಲು ಉಜ್ಜನಪ್ಪನ ಕಾಲು ನೋಡಿದ.

“ಸೋಪು ಹಚ್ಚಿ ತೊಳ್ಕೊಂಡ್ರಾ? ಈಗಿಂದೀಗ ಆಸ್ಪತ್ರೆಗೆ ಹೋಗ್ರಿ. ಹೊಕ್ಕಳ ಸುತ್ತ ಸೂಜಿ ಶುರು ಮಾಡ್ತಾರೆ. ಒಟ್ಟು ಹದಿನಾಲ್ಕು.”

“ಹ... ಹದಿನಾಲ್ಕೇ?”

“ನಾಯಿ ಕಣ್ಣೆದುರಿಗೆ ಗಟ್ಟಿಯಾಗಿದ್ರೆ ಅಲ್ಲಿನ ಡಾಕ್ಟ್ರೇ ನಡುವೆ ನಿಲ್ಲಿಸ್ತಾರೆ. ಕೊಂದ್ರೆ ಹುಚ್ಚು ಹೌದೋ ಅಲ್ಲೋ ಗೊತ್ತಾಗೋದು ಹೆಂಗೆ? ಹದಿನಾಲ್ಕೂ ಚುಚ್ಚಿಸ್ಕೊಳ್ರಿ. ಕರೆಸ್ರಿ ಬಂದೂಕಿನವರನ್ನ.”

ಉಜ್ಜನಪ್ಪ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. “ಯಾವನ್ರೀ ನಾಯಿ ಕೊಲ್ಲು ಅಂದೋನು?” ಅಂತ ಜನರ ಮೇಲೇ ತಿರುಗಿಬಿದ್ದ!

“ಹತ್ತು ದಿನ ಕಟ್ಟೇ ಇರಬೇಕು,” ಅಂದ ಬಕ್ಕೇಶ, ದ್ರಾಕ್ಷಾಯಣಿಯ ಕಡೆ ತಿರುಗಿ. “ಸರಪಳಿ ಕಟ್ಟು. ದಿನಾ ಸಂಜೆ ನಾನೇ ಬಂದು ನೋಡ್ತೀನಿ.”

ಬಂದ. ದಿನಾ ಬಂದ. ಹರಿಹರದಿಂದ ಬಸ್ಸು ಹಿಡಿದು, ಅಂಗಿಯ ತುಂಬ ಧೂಳು ತುಂಬಿಕೊಂಡು ಬಂದ. ಸರಪಳಿಯ ಕೆಳಗೆ ಕುತ್ತಿಗೆಗೆ ಮೆತ್ತನೆ ಬಟ್ಟೆ ಸುತ್ತಲು ಕಲಿಸಿದ. ದಿನಕ್ಕೆ ಎರಡೇ ಹೊತ್ತು, ಹೊತ್ತಿಗೆ ಸರಿಯಾಗಿ ಊಟ ಅಂದ. ಊಟದ ಎಲೆಯಿಂದ ತುತ್ತು ಎಸೆದರೆ ಅದು ಜನ್ಮವಿಡೀ ಎಲೆ ಮುಂದೆ ಕೂರುತ್ತೆ ಅಂದ. ಮಾತು ಮಾತಿಗೂ ಜಗಳ.

“ಕೂಡ್ರು ಅಂತ ಹತ್ತು ಸಲ ಕೂಗಿದ್ರೆ ಹತ್ತನೇ ಸಲಕ್ಕೇ ಕೂಡ್ರೋದು ಅಂತ ಕಲೀತೈತೆ. ಒಂದೇ ಸಲ ಹೇಳ್ರಿ. ಕೂತ ತಕ್ಷಣ ಬೆನ್ನು ಸವರ್ರಿ.”

“ನನಗೆ ಒಂದೇ ಸಲ ಹೇಳಿ ಅಭ್ಯಾಸ ಇಲ್ಲ!”

“ಅದು ನನಗೂ ಗೊತ್ತಾಗೈತೆ. ತಪ್ಪು ಮಾಡಿದಾಗ ಹೊಡೀಬ್ಯಾಡ್ರಿ. ಕರೆದಾಗ ಬಂದ್ರೆ ಅಂತೂ ಯಾವತ್ತೂ ಬೈಬ್ಯಾಡ್ರಿ. ಕರೆದು ಬೈದ್ರೆ ಮತ್ತೆ ಬರಲ್ಲ.”

ಉಜ್ಜನಪ್ಪ ದಿನಾ ಕಾಂಪೌಂಡಿನ ಮೇಲಿಂದ ಇಣುಕುತ್ತಿದ್ದ. “ನೀರು ಕುಡೀತೇನಮ್ಮ? ಬಾಲ ಆಡ್ಸ್ತಾ?” ಆರನೇ ದಿನ ಅವನ ಸೂಜಿ ನಿಲ್ಲಿಸಿದರು. ಅವತ್ತು ಅರಳೆಗೆ ಅಂತ ಒಂದು ಸೇರು ಪೇಡ ತಂದ. ಸಿಹಿ ಬ್ಯಾಡ ಅಂತ ಬಕ್ಕೇಶ ಅವನಿಗೂ ಬೈದ. ದ್ರಾಕ್ಷಾಯಣಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಸಂಜೆ ಐದಾದರೆ ತನ್ನ ಕಿವಿ ಗೇಟಿನ ಕಡೆಗೇ ಇರುತ್ತದೆ ಅನ್ನುವುದು ಅವಳಿಗೇ ಗೊತ್ತಾಗಿತ್ತು. ‘ಛೇ... ನನಗೇನಾಗಿದೆ?’

ಒಂಬತ್ತನೆಯ ದಿನ ಹಾಲೇಶಪ್ಪನವರು, “ನಾಳೆ ನಮ್ಮನ್ಯಾಗೇ ಊಟ ಡಾಕ್ಟ್ರೆ, ಹೋಳಿಗೆ ಮಾಡಿಸ್ತೀನಿ,” ಅಂದರು. ಬಕ್ಕೇಶ ತಲೆಯಾಡಿಸಿ ಹೊರಟ. ಅವನು ಮರೆತ ಚೀಲ ಹಿಡಿದು ದ್ರಾಕ್ಷಾಯಣಿ ಗೇಟಿಗೆ ಓಡಿದಳು. ಆಚೆ ಅವನು ಕುತುಬುದ್ದೀನನ ಜೊತೆ ಮಾತಾಡುತ್ತಿದ್ದ.

“ನಾಳೆ ಒಂದು ದಿನ, ಕುತುಬುದ್ದೀನ್. ಮುಗೀತು ನನ್ನ ಶಿಕ್ಷೆ.”

ಶಿಕ್ಷೆ! ಇಷ್ಟು ದಿನ ಬಂದದ್ದು ಶಿಕ್ಷೆಯೇ? ಅವಳ ಎದೆ ಉರಿದುಹೋಯಿತು.

ಚೀಲ ಅವನ ಕೈಗೆ ತುರುಕಿದಳು. “ನಾಳೆ ಬರೋದು ಬ್ಯಾಡ ಡಾಕ್ಟ್ರೆ. ಒಂದು ದಿನದ ಶಿಕ್ಷೆ ಮಾಫಿ ಮಾಡೀನಿ!”

ಗೇಟು ಧಡಾರನೆ ಹಾಕಿಕೊಂಡಳು.

ಹತ್ತನೆಯ ದಿನ ಅರಳೆ ಗಂಜಿ ಕುಡಿದು ಗಟ್ಟಿಮುಟ್ಟಾಗಿ ಬೊಗಳಿತು. ಬೀದಿಯೆಲ್ಲ ನೆಮ್ಮದಿಯ ಉಸಿರು ಬಿಟ್ಟಿತು. ಹಾಲೇಶಪ್ಪನವರು ಎಲೆ ಹಾಕಿಸಿ ಕಾದರು. ಐದಾಯಿತು. ಆರಾಯಿತು. ಅವನು ಬರಲೇ ಇಲ್ಲ!

‘ಬ್ಯಾಡ ಅಂದ್ರೆ ಬರದೇ ಇದ್ದುಬಿಡೋದೇ? ಎಂಥಾ ಮನುಷ್ಯ!’ ದ್ರಾಕ್ಷಾಯಣಿಗೆ ಅಳು, ಕೋಪ ಎರಡೂ ಒಟ್ಟಿಗೇ ಬಂದವು.

ಬೆಳಗಾಗುತ್ತಲೇ ಹೊಸದಾಗಿ ಹೋಳಿಗೆಯನ್ನೂ ಅದರ ಸಾರನ್ನೂ ಮಾಡಿ ಡಬ್ಬಿ ತುಂಬಿದಳು. ಮಗಳ ಮುಖ ನೋಡಿದ ಹಾಲೇಶಪ್ಪನವರಿಗೆ ಎಲ್ಲ ಅರ್ಥವಾಯಿತು.

“ಹೋಗಿ ಬಾ ಮಗಳೇ. ಆದ್ರೆ... ಬೈಬ್ಯಾಡ.”

ಅರಳೆಯನ್ನೂ ಕರೆದುಕೊಂಡು ಹೋದಳು. ದವಾಖಾನೆಯ ಬೇವಿನ ಮರದ ಕೆಳಗೆ ಬಕ್ಕೇಶ ಒಬ್ಬನೇ ಕೂತಿದ್ದ. ರಾತ್ರಿಯೆಲ್ಲ ನಿದ್ದೆ ಮಾಡದವನ ಮುಖ.

“ಅಪ್ಪಾಜಿ ಎಲೆ ಹಾಕಿ ಕಾದ್ರು. ಯಾಕ ಬರ್ಲಿಲ್ಲ?”

“ನೀವೇ ಬ್ಯಾಡ ಅಂದ್ರಿ. ಯಾವ ಮುಖ ಇಟ್ಕೊಂಡು ಬರ್ಲಿ?”

“ಇದೇ ಮುಖ ಇಟ್ಕೊಂಡು ಬರ್ರಿ! ಬೇರೆ ಯಾವುದೈತೆ ನಿಮಗೆ?” ಅವಳ ದನಿ ಒಡೆಯಿತು. “ಶಿಕ್ಷೆ ಅಂದ್ರಲ್ಲ... ನಮ್ಮನೆಗೆ ಬರೋದು ಅಷ್ಟು ಕಷ್ಟ ಆಗಿತ್ತೇನ್ರಿ?”

ಬಕ್ಕೇಶ ಎದ್ದು ನಿಂತ. “ಆಗಿತ್ತು. ದಿನಾ ನಿಮ್ಮೆದುರಿಗೆ ಕೂಡೋದು. ಗಂಜಿ, ನೀರು, ಸರಪಳಿ... ನಾಯಿ ಮಾತು ಬಿಟ್ಟು ಬೇರೆ ಒಂದು ಮಾತಾಡೋ ಹಂಗಿಲ್ಲ. ಮನಸ್ಸಿನಾಗಿರೋದು ಬಾಯಿಗೆ ಬಂದ್ರೂ ನುಂಗ್ಕೊಂಡು ಬಸ್ಸು ಹತ್ತೋದು. ಅದು ಶಿಕ್ಷೆ ಅಲ್ಲೇನ್ರಿ?”

ದ್ರಾಕ್ಷಾಯಣಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಬೈಯಲು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಎಲ್ಲಿ ಹೋಯಿತೋ!

ಅರಳೆ ಯಾರೂ ಹೇಳದೆಯೇ ಇಬ್ಬರ ನಡುವೆ ಕೂತಿತು. ಅವಳು ಮರದ ಕಟ್ಟೆಯ ಮೇಲೆ ಎಲೆ ಹಾಕಿ, ಡಬ್ಬಿ ಬಿಚ್ಚಿ ಹೋಳಿಗೆ ಇಟ್ಟಳು.

“ಒಂದೇ ಸಲ ಹೇಳ್ತೀನಿ. ಕೂಡ್ರಿ.”

ಅವನು ಕೂತ. ಅವಳಿಗೆ ಕಣ್ಣೀರಿನ ನಡುವೆಯೇ ನಗು ಬಂತು.

“ನನಗೆ ಕಟ್ಟು ಹಾಕ್ರಿ,” ಅಂದ ಮೆಲ್ಲಗೆ.

ಸಾರಿನ ಸೌಟು ಎತ್ತಿದವಳ ಕೈ ನಿಂತಿತು. “ಯಾವ ಕಟ್ಟು? ಈ ಸಲ ಬಿಡಿಸಿ ಹೇಳ್ರಿ.”

“ಎರಡೂ.”

“ನಾನು ಹಾಕಿದ್ದು ಬಿಚ್ಚಕ್ಕೆ ಬರಲ್ಲ ಡಾಕ್ಟ್ರೆ... ಯೋಚ್ನೆ ಮಾಡ್ರಿ.”

“ಹತ್ತು ದಿನ ಮಾಡೀನಿ,” ಅಂತ ಬಕ್ಕೇಶ ಎಲೆ ಮುಂದಕ್ಕೆ ಸರಿಸಿದ. “ಹಾಕ್ರಿ.”