ಬಾಚಣಿಗೆ ಬೀಳುವ ಮೆಟ್ಟಿಲು

ಕ್ಯಾಮೆರಾದಿಂದ ಬಂದ ಫಿಲ್ಮನ್ನು ರಾಸಾಯನಿಕದಲ್ಲಿ ತೊಳೆಯುವತನಕ ಚಿತ್ರ ಮೂಡುವುದಿಲ್ಲ. ತೊಳೆಯುವುದೇ ನನ್ನ ಕೆಲಸ. ಚಿಕ್ಕಂದಿನಲ್ಲಿ ಅಕ್ಕನೂ ನಾನೂ ಟಿವಿಯಲ್ಲಿ ಒಂದೇ ದೆವ್ವದ ಸಿನಿಮಾವನ್ನು ಹತ್ತಾರು ಸಲ ನೋಡಿದ್ದೆವು. ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ. "ಅಂಥ ಸಿನಿಮಾನೇ ಇಲ್ಲ, ಇಬ್ಬರಿಗೂ ತಲೆ ಕೆಟ್ಟಿದೆ" ಎಂದು ಮನೆಯವರು ನಗುತ್ತಿದ್ದರು.

ನಿನ್ನೆ ಮಧ್ಯಾಹ್ನ, ಡಬ್ಬಿಯಲ್ಲಿ ತೊಳೆಯದೆ ಉಳಿದಿದ್ದ ಹಳೆಯ ರೀಲೊಂದನ್ನು ತೊಳೆದು, ಒಣಗಿಸಿ, ಪರದೆಗೆ ಹಾಕಿದರೆ ಅದೇ ಮೆಟ್ಟಿಲು, ಗೋಡೆಗೆ ಮುಖಮಾಡಿ ತಲೆ ಬಾಚುವ ಅದೇ ಹೆಂಗಸು! ತಕ್ಷಣ ಸ್ಪೀಕರ್ ಹಾಕಿ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ನಮ್ಮ ಸಿನಿಮಾ ಸಿಕ್ತು ಕಣೇ!"

"ಹೌದೇನೋ? ನಾಲ್ಕನೇ ಮೆಟ್ಟಿಲ ಮೇಲೆ ಬಾಚಣಿಗೆ ಬೀಳತ್ತೆ, ನೋಡ್ತಿರು."

ಬಿತ್ತು.

ಪಕ್ಕದಲ್ಲಿದ್ದ ಹಿರಿಯ ಸಹೋದ್ಯೋಗಿ ರೀಲಿನ ಖಾಲಿ ಡಬ್ಬಿಯನ್ನು ಎತ್ತಿ ಹಿಡಿದರು. "ಏನ್ರೀ ಇದು? ಈ ಡಬ್ಬಿ ಸೀಲ್ ಒಡೆದಿದ್ದೇ ಇವತ್ತು ಬೆಳಿಗ್ಗೆ, ನೀವೇ!"

ಆ ಸೀಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅದರ ಮೇಲಿನ ತಾರೀಖು ಅಕ್ಕ ಹುಟ್ಟುವುದಕ್ಕೆ ಎರಡು ವರ್ಷ ಮೊದಲಿನದು.