ಬ್ರಾಸರಿಯಲ್ಲಿ ಅಪ್ಪನ ಮೇಜು

“ಮದುವೆ ಆಗ್ಬೇಕಾ? ಆಗು, ಯಾರು ಬೇಡ ಅಂದ್ರು! ಆದ್ರೆ ಮಾವನ್ನ ಮಾತ್ರ ನಮ್ಮ ತಲೆಗೆ ಕಟ್ಬೇಡ!”

ಅತ್ತಿಗೆಯ ದನಿ ಅಡುಗೆಮನೆಯ ಗೋಡೆ ದಾಟಿ ನಡುಮನೆಗೆ ಬಿತ್ತು. ನಾದಿನಿ ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಅಲ್ಲಿಗೆ ಬಂದ ಬಾಣಸಿಗನೊಬ್ಬ ನೆಟ್ಟಗಿದ್ದ ಕನ್ನಡಕವನ್ನೂ ಸೊಟ್ಟಗಾಗಿದೆ ಎಂದು ಮತ್ತೆ ಮತ್ತೆ ತಂದು, ಕೊನೆಗೆ ಧೈರ್ಯ ಮಾಡಿ ಮದುವೆಯ ಮಾತೆತ್ತಿದ್ದ. ಅವಳ ಮನಸ್ಸು ಹೂಂ ಎಂದಿತ್ತು, ಬಾಯಿ ಆಗಲ್ಲ ಎಂದಿತ್ತು. ಅಮ್ಮ ತೀರಿಕೊಂಡಾಗಿನಿಂದ ಅಪ್ಪನ ಊಟ, ಮಾತ್ರೆ, ಬಟ್ಟೆ ಎಲ್ಲ ಅವಳದೇ. ಅವರನ್ನು ಬಿಟ್ಟು ಹೇಗೆ ಹೋಗುವುದು? ಪಾಪ, ಆ ಬಾಣಸಿಗ ಆಸೆ ಬಿಡದೆ ಅವಳ ಅಣ್ಣನನ್ನೂ ಕಂಡು ಬಂದಿದ್ದ. ಅದಕ್ಕೇ ಇಂದು ಬೇರೆ ಮನೆಯಲ್ಲಿದ್ದ ಅತ್ತಿಗೆಯ ಸವಾರಿ ಇಲ್ಲಿಗೆ!

“ನಾನಾಗಲೇ ಬೇಡ ಅಂದಾಯ್ತು ಅತ್ತಿಗೆ... ಇನ್ನು ಆ ವಿಷಯ ಬಿಟ್ಬಿಡಿ...”

ನಡುಮನೆಯಲ್ಲಿ ಪೇಪರ್ ಹಿಡಿದು ಕೂತಿದ್ದ ಅಪ್ಪ, ಆಯುಷ್ಯವೆಲ್ಲ ಬಸ್ ಓಡಿಸಿ ನಿವೃತ್ತರಾದವರು, ಪುಟ ತಿರುವಲಿಲ್ಲ. ತಾನು ಮಗಳ ಬಾಳಿಗೆ ಅಡ್ಡ ನಿಂತ ಗಾಡಿಯಾದೆನೇ? ಅವರ ಕಣ್ಣು ತುಂಬಿತು. ಆಮೇಲೆ ಗಂಟಲು ಸರಿಮಾಡಿಕೊಂಡು ಕೂಗಿದರು: “ನಾಳೆ ಭಾನುವಾರ. ಮಧ್ಯಾಹ್ನ ಎಲ್ಲರಿಗೂ ಹೊರಗಡೆ ಊಟ, ನಂದೇ ಲೆಕ್ಕ! ಯಾರೂ ತಪ್ಪಿಸ್ಕೊಳ್ಳೋ ಹಾಗಿಲ್ಲ!”

ಮರುದಿನ ಅಪ್ಪ ಎಲ್ಲರನ್ನೂ ಕರೆದುಕೊಂಡು ಹೋಗಿದ್ದು ಪಕ್ಕದ ಬೀದಿಯ ಫ್ರೆಂಚ್ ಮಾದರಿಯ ಊಟದಂಗಡಿಗೆ. ಬ್ರಾಸರಿ ಎಂದರೆ ಸುತ್ತಮುತ್ತಲಿನವರಿಗೆಲ್ಲ ಗೊತ್ತು. ಮಗಳು ಬಾಗಿಲಲ್ಲೇ ಗಕ್ಕನೆ ನಿಂತಳು. ಆ ಬಾಣಸಿಗ ಕೆಲಸ ಮಾಡುವ ಜಾಗ ಇದೇ!

“ಅಪ್ಪಾ, ಇಲ್ಲಿ ಬೇಡ...”

“ಯಾಕೆ? ಸೂಪು ಬಲು ರುಚಿ. ನಡಿ, ನಡಿ.”

ಒಳಗೆ ಕೆಂಪು ಚರ್ಮದ ಉದ್ದನೆಯ ಬೆಂಚುಗಳು, ಗೋಡೆ ತುಂಬ ಕನ್ನಡಿ, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿಂಡಿಗಳ ಹೆಸರು. ಹುರಿದ ಈರುಳ್ಳಿಯ, ಕರಗಿದ ಚೀಸಿನ ಘಮ. ಯಾರಿಗೂ ಅವಸರವಿಲ್ಲ. ಗಲ್ಲಾದ ಹಿಂದಿನಿಂದ ಒಡತಿ ಕೈ ಬೀಸಿದಳು.

“ಬನ್ನಿ ಡ್ರೈವರ್ ಸಾಹೇಬ್ರೇ! ನಿಮ್ಮ ಮೇಜು ಖಾಲಿ ಇಟ್ಟಿದೀನಿ!”

ಅತ್ತ ಒಬ್ಬರು ನಮಸ್ಕಾರ ಅಂದರು, ಇತ್ತ ಇನ್ನೊಬ್ಬರು ಬೆನ್ನು ತಟ್ಟಿದರು. ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು.

“ಅಪ್ಪಾ! ದಿನಾ ನಾನು ಡಬ್ಬಿಗೆ ಹಾಕಿಟ್ಟು ಹೋಗೋ ಊಟ?”

“ಅದನ್ನ ನೀನು ಬೀದಿ ದಾಟೋದ್ರೊಳಗೆ ಮುಗಿಸಿಬಿಡ್ತೀನಿ ಪುಟ್ಟಿ. ಮಧ್ಯಾಹ್ನದ್ದು ಇಲ್ಲೇ!”

ಅಣ್ಣ ಮೊದಲು ನಕ್ಕ. ಅಷ್ಟರಲ್ಲಿ ಬಾಣಸಿಗನೇ ದೊಡ್ಡ ತಟ್ಟೆಯಲ್ಲಿ ಸೂಪಿನ ಬಟ್ಟಲು, ಆಲೂಗಡ್ಡೆ ಫ್ರೈ ಹೊತ್ತು ಬಂದ. ಅವಳನ್ನು ಕಂಡದ್ದೇ ತಡ, ಕಾಲು ನೆಲಕ್ಕೆ ಅಂಟಿತು. ಸೂಪಿನ ಆವಿ ಕನ್ನಡಕವನ್ನು ಮುಚ್ಚಿತು. ಎರಡೂ ಕೈಯಲ್ಲಿ ತಟ್ಟೆ, ಒರೆಸಿಕೊಳ್ಳುವಂತೆಯೂ ಇಲ್ಲ!

ಅಪ್ಪ ತಟ್ಟೆ ಇಳಿಸಿಕೊಂಡು ಮಗಳ ಕಡೆ ತಿರುಗಿದರು. ಈ ಹುಡುಗ ಯಾರೆಂದು ಮಗನಿಂದ ಅವರಿಗೆ ಆಗಲೇ ಗೊತ್ತಾಗಿತ್ತು.

“ನಿಮ್ಮಮ್ಮ ಹೋದಾಗ ನಾನು ಕುಸಿದುಬಿದ್ದಿದ್ದೆ. ನೀನು ಎತ್ತಿ ನಿಲ್ಲಿಸಿದೆ. ನಿಂತ ಮೇಲೂ ನೀನು ಕೈ ಬಿಡಲಿಲ್ಲ... ನೋಡ್ಕೊಳ್ಳೋದ್ರಲ್ಲೇ ನಿಂಗೆ ಸಮಾಧಾನ ಅಂತ ನಾನೂ ಸುಮ್ಮನಿದ್ದೆ. ನಿಜ ಹೇಳು ಮಗಳೇ, ಇವನು ಬೇಡ ಅಂತ ಬೇಡ ಅಂದ್ಯಾ? ನಂಗೋಸ್ಕರ ಅಂದ್ಯಾ?”

“ನಿಂಗೋಸ್ಕರ ಅಪ್ಪಾ...!” ಅವಳು ಬಿಕ್ಕಿದಳು.

“ನಂಗೋಸ್ಕರ ನೀನು ಸುಖ ಬಿಟ್ರೆ ಒಂದು ತುತ್ತಾದ್ರೂ ನನ್ನ ಗಂಟಲಲ್ಲಿ ಇಳಿಯುತ್ತಾ? ನೋಡು, ಇಷ್ಟು ಜನ ಇದಾರೆ ನಂಗೆ. ನಾನು ಯಾರ ತಲೆಗೂ ಭಾರ ಆಗಲ್ಲ.”

ಕೊನೆಯ ಮಾತು ಕೇಳಿ ಅತ್ತಿಗೆಯ ಮುಖ ಕಪ್ಪಿಟ್ಟಿತು.

“ಮಾವ... ನಿನ್ನೆ ನಾನಂದಿದ್ದು ಕೇಳಿಸ್ತಾ?”

“ಹಾರ್ನ್ ಹೊಡೆದೂ ಹೊಡೆದೂ ಅರ್ಧ ಕಿವುಡಾಗಿದೀನಿ ಕಣಮ್ಮ. ಆದ್ರೂ ಕೇಳಿಸ್ತು.”

ಅತ್ತಿಗೆಗೆ ನಗುವೂ ಅಳುವೂ ಒಟ್ಟಿಗೇ ಬಂತು. “ನಮ್ಮಮ್ಮ ಹಾಸಿಗೆ ಹಿಡಿದಾಗ ನಾನೊಬ್ಬಳೇ ನೋಡ್ಕೊಂಡೆ ಮಾವ. ಕೊನೆಕೊನೆಗೆ ಅವಳ ಮೇಲೇ ರೇಗ್ತಿದ್ದೆ... ನಿಮ್ಮ ಮೇಲೂ ಹಾಗೇ ರೇಗಿಬಿಟ್ರೆ ಅಂತ ಭಯ. ಆ ಭಯಕ್ಕೆ ನಾಲಿಗೆ ಹರಿಬಿಟ್ಟೆ... ಕ್ಷಮಿಸಿಬಿಡಿ!”

ಅಪ್ಪ ತಮ್ಮ ಪಾಲಿನ ಆಲೂಗಡ್ಡೆಯ ಬಿಸಿ ಫ್ರೈ ತಟ್ಟೆಯನ್ನು ಸೊಸೆಯ ಮುಂದೆ ತಳ್ಳಿದರು. “ತಿನ್ನು. ಕಣ್ಣೀರು ಬೀಳಿಸ್ಬೇಡ, ಆಗಲೇ ಉಪ್ಪು ಸರಿಯಾಗಿದೆ.”

ಆಗ ಮಗಳು ಎದ್ದಳು. ಬಾಣಸಿಗನ ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಅವನ ಮೂಗಿನ ಮೇಲೆ ನೆಟ್ಟಗೆ ಕೂರಿಸಿದಳು.

“ಈಗ ಕಾಣಿಸ್ತಾ?”

“ಕಾಣಿಸ್ತು.”

“ಹಾಗಾದ್ರೆ ಇನ್ನೊಂದು ಸಲ ಕೇಳಿ.”

ಅವನು ಕೇಳಿದ. ಅವಳು ಹೂಂ ಎಂದಳು. ಒಡತಿ ಚಪ್ಪಾಳೆ ಹೊಡೆದಳು. ಇಡೀ ಬ್ರಾಸರಿಯೇ ಗಲಗಲ ಎಂದಿತು!

ಮದುವೆ ಸಂಭ್ರಮದಿಂದಲೇ ನಡೆಯಿತು. ಮಗಳನ್ನು ಕಳಿಸಿಕೊಟ್ಟ ಸಂಜೆ ಅಪ್ಪ ಖಾಲಿ ಮನೆಯ ದೀಪ ಹಚ್ಚಿ, ಯಾರಿಗೂ ಹೇಳದೆ ಸ್ವಲ್ಪ ಅತ್ತರು. ಆದರೂ ಮರುದಿನ ಮಧ್ಯಾಹ್ನ ಮುಖ ತೊಳೆದು, ತಲೆ ಬಾಚಿಕೊಂಡು ಬ್ರಾಸರಿಗೆ ಹೊರಟರು.

ಅವರ ಮೇಜಿನಲ್ಲಿ ಆಗಲೇ ಯಾರೋ ಕೂತಿದ್ದರು. ಸೊಸೆ!

“ಬನ್ನಿ ಮಾವ, ಕೂತ್ಕೊಳ್ಳಿ,” ಎಂದಳು ಅವಳು, ಕುರ್ಚಿ ಎಳೆಯುತ್ತಾ. “ಇಬ್ಬರಿಗೂ ಸೂಪ್ ಹೇಳಿದೀನಿ.”