ಟ್ರೆಡ್‌ಮಿಲ್ಲಿಗೆ ಕೊಬ್ಬರಿ ಎಣ್ಣೆ

“ಅಜ್ಜೀ, ನಿನ್ನ ಮೆಷಿನ್ ಅಳ್ತಾ ಇದೆ!”

ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದ ತೇಜಸ್ವಿನಿ ಎರಡೂ ಕಿವಿ ಮುಚ್ಚಿಕೊಂಡಳು. ಹಾಲ್‌ನ ಮೂಲೆಯಲ್ಲಿದ್ದ ಟ್ರೆಡ್‌ಮಿಲ್ ಕೀಂಯ್... ಕೀಂಯ್... ಎನ್ನುತ್ತಿತ್ತು. ಅದರ ಮೇಲೆ ಅವಳ ಅಜ್ಜಿ ಚಿಕ್ಕಮಾದಮ್ಮ, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು, ಗದ್ದೆಗೆ ನೀರು ಕಟ್ಟಲು ಹೊರಟವರಂತೆ ಬಿರಬಿರನೆ ನಡೆಯುತ್ತಿದ್ದರು.

“ಅಳ್ಲಿ ಬುಡು. ನಂಗೂ ವಯಸ್ಸಾಯ್ತು, ಇದ್ಕೂ ವಯಸ್ಸಾಯ್ತು,” ಅಂದರು ಅಜ್ಜಿ. “ಗಾಡಿಗೆ ಕೀಲೆಣ್ಣೆ ಆಕ್ದಂಗೆ ಇದ್ಕೂ ಒಸಿ ಎಣ್ಣೆ ಆಕ್ಬೇಕೇನೋ. ನಿಮ್ಮಪ್ಪ ಬರ್ಲಿ, ಯೋಳ್ತೀನಿ.”

ಅಜ್ಜಿಗೆ ಶುಗರ್. ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದು ಡಾಕ್ಟರ್ ಹೇಳಿದ್ದರು. ಬನ್ನೂರಿನ ಅವರ ಮನೆ ಮುಂದಿನ ರಸ್ತೆಯಲ್ಲಿ ಬೆಳಗಾದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಅದಕ್ಕೇ ಅಪ್ಪ ನಂಜನಗೂಡಿನ ಗೆಳೆಯರೊಬ್ಬರ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ಈ ಟ್ರೆಡ್‌ಮಿಲ್ ತಂದಿದ್ದರು. ಮೊದಲ ದಿನ “ನಿಂತಲ್ಲೇ ನಡಿಯೋದು ಯಾವ ಸೀಮೆ ನಡಿಗೆ!” ಎಂದು ನಕ್ಕಿದ್ದ ಅಜ್ಜಿಗೆ ಈಗ ಅದು ಒಂದು ದಿನ ತಪ್ಪಿದರೂ ಆಗುತ್ತಿರಲಿಲ್ಲ.

ಎಣ್ಣೆ ಹಾಕಲು ಅಪ್ಪನೇ ಯಾಕೆ ಬರಬೇಕು? ಹೋದ ತಿಂಗಳು ತೇಜು ತಾನೇ ಸೈಕಲ್ ಚೈನಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಚೈನು ಆಮೇಲೆ ಕಿರ್ರೆಂದಿರಲಿಲ್ಲ.

ಅಜ್ಜಿ ಸ್ನಾನಕ್ಕೆ ಹೋದರು. ಅಮ್ಮ ಮಹಡಿ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ತೇಜು ಎಣ್ಣೆ ಬಾಟಲಿ ತಂದು, ಟ್ರೆಡ್‌ಮಿಲ್ಲಿನ ಕಪ್ಪು ಬೆಲ್ಟಿನ ಅಂಚು ಎತ್ತಿ, ಒಳಗೆ ಸುರಿದಳು. ಈ ಕಡೆ ಒಂದಷ್ಟು, ಆ ಕಡೆ ಒಂದಷ್ಟು. ಬಾಟಲಿ ಅರ್ಧವಾಯಿತು. ಸ್ವಿಚ್ ಒತ್ತಿದಳು. ಕೀಂಯ್ ಇಲ್ಲ, ಕುಂಯ್ ಇಲ್ಲ!

“ಸೂಪರ್!” ಎಂದು ತನಗೆ ತಾನೇ ಹೇಳಿಕೊಂಡಳು. ಅಜ್ಜಿ ‘ಯಾರವ್ವ ಸರಿ ಮಾಡ್ದೋರು?’ ಎಂದು ಕೇಳುವ ತನಕ ಯಾರಿಗೂ ಹೇಳಬಾರದು ಎಂದುಕೊಂಡಳು.

ಸೋಮವಾರ ಬೆಳಿಗ್ಗೆ ತೇಜು ಜಡೆ ಹಾಕಿಸಿಕೊಳ್ಳುತ್ತಿದ್ದಳು. ಅಜ್ಜಿ ಮೆಷಿನ್ನಿನ ಕೆಂಪು ದಾರದ ಕ್ಲಿಪ್ಪನ್ನು ಸೆರಗಿಗೆ ಸಿಕ್ಕಿಸಿಕೊಂಡು ನಡೆಯತೊಡಗಿದರು. ಬಿದ್ದರೆ ಆ ದಾರ ಕಿತ್ತುಬಂದು ಮೆಷಿನ್ ತಾನೇ ನಿಲ್ಲುತ್ತದೆ.

ಎರಡು ನಿಮಿಷ ಆಗಿತ್ತೋ ಇಲ್ಲವೋ. ಬೆಲ್ಟು ಗಕ್ಕನೆ ನಿಂತಿತು. ಮರುಕ್ಷಣವೇ ಸರ್ರನೆ ಓಡಿತು.

“ಅಯ್ಯೋ!”

ಅಜ್ಜಿ ಮಂಡಿಯೂರಿ ಬಿದ್ದರು. ಕೆಂಪು ದಾರ ಕಿತ್ತುಬಂತು. ಮೆಷಿನ್ ನಿಂತಿತು. ಬಾಚಣಿಗೆ ಎಸೆದು ಅಮ್ಮ ಓಡಿದಳು, ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಅಪ್ಪನೂ ಹಾಗೇ ಓಡಿ ಬಂದರು.

ಪುಣ್ಯಕ್ಕೆ ಹೆಚ್ಚೇನೂ ಆಗಿರಲಿಲ್ಲ. ಮಂಡಿ ಸ್ವಲ್ಪ ತರಚಿತ್ತು, ಅಷ್ಟೇ. ಆದರೆ ಕುರ್ಚಿಯಲ್ಲಿ ಕೂತ ಅಜ್ಜಿ ತಮ್ಮ ಪಾದಗಳನ್ನೇ ನೋಡುತ್ತಿದ್ದರು.

“ತಲೆ ಸುತ್ತು ಬಂತಾ ಅವ್ವ?” ಅಪ್ಪ ಕೇಳಿದರು.

“ಇಲ್ಲ ಕಣಪ್ಪ. ಕಾಲು ನನ್ ಮಾತು ಕೇಳ್ನಿಲ್ಲ. ಇನ್ ಈ ಕಾಲ ನಂಬಂಗಿಲ್ಲ.”

“ಇನ್ಮೇಲೆ ಅದನ್ನ ಹತ್ತೋದೇ ಬೇಡ ಅತ್ತೆ,” ಅಂದಳು ಅಮ್ಮ.

‘ಎಣ್ಣೆ ಹಾಕಿದ್ದು ನಾನು’ ಎಂಬ ಮಾತು ತೇಜುವಿನ ನಾಲಿಗೆ ತುದಿಗೆ ಬಂತು. ಅಷ್ಟರಲ್ಲಿ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯಿತು. ಅವಳು ಬ್ಯಾಗ್ ಎತ್ತಿಕೊಂಡು ಓಡಿಬಿಟ್ಟಳು.

ಅಪ್ಪ ಅಜ್ಜಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿಬಂದರು. ಬಿಪಿ ಸರಿಯಿದೆ, ಶುಗರ್ ಕೂಡ ಪರವಾಗಿಲ್ಲ ಎಂದರಂತೆ. ಆದರೂ ಅಜ್ಜಿ ಬದಲಾಗಿಬಿಟ್ಟರು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಂಡು ಹೋಗುತ್ತಿದ್ದರು. ದಿನಾ ಸಂಜೆ ಮೂರು ಮನೆ ಆಚೆಯ ಸಾಕಮ್ಮನವರ ಜಗಲಿಗೆ ಹೋಗಿ ಹರಟುತ್ತಿದ್ದವರು, ಈಗ ಸಾಕಮ್ಮನೇ ಬಂದು ಕರೆದರೂ ಏಳಲಿಲ್ಲ.

“ಬುಡು ಸಾಕಮ್ಮ, ಎಲ್ಲಾರ ಬಿದ್ಗಿದ್ದೇನು,” ಎಂದುಬಿಟ್ಟರು.

ಗುರುವಾರ ಅಮ್ಮ ಕೇಳಿದಳು: “ಎಣ್ಣೆ ಇಷ್ಟು ಬೇಗ ಖಾಲಿಯಾಯ್ತಲ್ಲ, ಯಾರು ಹಚ್ಕೊಂಡ್ರಿ?”

ತೇಜು ಸಮಾಜ ವಿಜ್ಞಾನದ ಪುಸ್ತಕದೊಳಗೆ ಇನ್ನಷ್ಟು ಬಗ್ಗಿದಳು. ಹೇಳಿದರೆ ಬೈತಾರೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಇನ್ನೂ ಜಾಸ್ತಿ ಬೈತಾರೆ. ದಿನ ಹೋದಷ್ಟೂ ಹೇಳುವುದು ಕಷ್ಟವಾಗುತ್ತಾ ಹೋಯಿತು.

ಟ್ರೆಡ್‌ಮಿಲ್ಲನ್ನು ಮೂಗೂರಿನ ಯಾರಿಗೋ ಕೊಡುವುದೆಂದು ತೀರ್ಮಾನವಾಯಿತು. ಕೊಡುವ ಮೊದಲು ಒಮ್ಮೆ ಸರ್ವೀಸ್ ಮಾಡಿಸೋಣ ಎಂದು ಅಪ್ಪ ಟಿ. ನರಸೀಪುರಕ್ಕೆ ಫೋನ್ ಮಾಡಿದರು.

ಶನಿವಾರ ಮಧ್ಯಾಹ್ನ ಸ್ಕೂಟಿಯಲ್ಲಿ ಬಂದ ಮೆಕ್ಯಾನಿಕ್ಕನ್ನು ನೋಡಿ ತೇಜು ಬಾಯಿ ಬಿಟ್ಟಳು. ಹೆಲ್ಮೆಟ್ ತೆಗೆದರೆ, ಅಕ್ಕ! ಹೆಸರು ರೋಜಾ. ಕೈಯಲ್ಲಿ ಭಾರದ ಟೂಲ್ ಬ್ಯಾಗು.

“ಸಾರ್, ಪ್ಲಗ್ ತೆಗ್ದಿದ್ದೀರಾ? ಮೊದ್ಲು ಅದು,” ಎನ್ನುತ್ತಾ ರೋಜಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅಪ್ಪ ಫೋನ್ ಬಂತೆಂದು ಹೊರಗೆ ಹೋದರು.

ಬೆಲ್ಟಿನ ಅಂಚು ಎತ್ತಿದ ರೋಜಾ ಮೂಗು ಅರಳಿಸಿದರು. “ಏನಿದು, ಕೊಬ್ಬರಿ ಮಿಠಾಯಿ ವಾಸ್ನೆ? ಅಯ್ಯೋ, ಇರುವೆಗಳು ಮೆರವಣಿಗೆ ಬೇರೆ ಹೊರಟಿವೆ!”

ತೇಜುವಿಗೆ ನಗು ಬರಲಿಲ್ಲ. ರೋಜಾ ಅವಳ ಮುಖವನ್ನೊಮ್ಮೆ, ಎಣ್ಣೆ ಹಚ್ಚಿದ ಜಡೆಯನ್ನೊಮ್ಮೆ ನೋಡಿದರು.

“ನೀನೇನಾ?”

ತೇಜು ತಲೆಯಾಡಿಸಿದಳು. “ಶಬ್ದ ಬರ್ತಿತ್ತು. ಸೈಕಲ್‌ಗೆ ಹಾಕ್ದಾಗ ಸರಿಹೋಗಿತ್ತು ಅಕ್ಕ.”

“ಸೈಕಲ್ಲೇ ಬೇರೆ, ಇದೇ ಬೇರೆ. ಇದಕ್ಕೆ ಸಿಲಿಕೋನ್ ಎಣ್ಣೆ, ಅದೂ ಒಂದೆರಡು ಚಮಚದಷ್ಟು ಸಾಕು. ನೀನು ಜಾರುಬಂಡೆ ಮಾಡಿಟ್ಟಿದ್ದೀಯ. ಉರುಳೆ ತಿರುಗ್ತದೆ, ಬೆಲ್ಟ್ ಜಾರ್ತದೆ. ಇದ್ರ ಮೇಲೆ ಓಟದ ಚಾಂಪಿಯನ್ ಬಂದ್ರೂ ಬೀಳ್ತಾರೆ.”

“ಚಾಂಪಿಯನ್ನೂ ಬೀಳ್ತಾರಾ?”

“ಮತ್ತೆ? ಕಾಲಿಂದೇನು ತಪ್ಪು?” ರೋಜಾ ದನಿ ತಗ್ಗಿಸಿದರು. “ಹೆದರ್ಕೋಬೇಡ. ಬೆಲ್ಟ್ ಲೂಸ್ ಆಗಿತ್ತು ಅಂತ ಹೇಳ್ತೀನಿ. ಅದೂ ನಿಜಾನೇ, ಲೂಸಾಗೇ ಇದೆ.”

ತೇಜುವಿಗೆ ಅಬ್ಬಾ ಎನ್ನಿಸಿತು. ಇನ್ನು ಯಾರಿಗೂ ಗೊತ್ತಾಗುವುದಿಲ್ಲ!

ಅಷ್ಟರಲ್ಲಿ ರೂಮಿನಿಂದ ಅಜ್ಜಿಯ ದನಿ ಬಂತು. “ತೇಜೂ, ಒಸಿ ನೀರು ಕೊಡು ಮಗ.”

ನೀರಿನ ಬಿಂದಿಗೆ ಇದ್ದದ್ದು ಆ ರೂಮಿನ ಬಾಗಿಲಲ್ಲೇ. ಅಜ್ಜಿಯ ಮಂಚದಿಂದ ನಾಲ್ಕು ಹೆಜ್ಜೆ.

ತೇಜು ಲೋಟ ತುಂಬಿಸಿ ಕೊಟ್ಟಳು. ಅಜ್ಜಿ ಕುಡಿಯುವ ತನಕವೂ ಅವಳಿಗೆ ಕಾಯಲಾಗಲಿಲ್ಲ.

“ಅಜ್ಜಿ, ನೀನು ಬಿದ್ದಿದ್ದು ನಿನ್ನ ಕಾಲಿಂದ ಅಲ್ಲ. ನಾನು... ನಾನು ಬೆಲ್ಟೊಳಗೆ ಕೊಬ್ಬರಿ ಎಣ್ಣೆ ಹಾಕಿದ್ದೆ. ತುಂಬಾ ಹಾಕಿದ್ದೆ. ಚಾಂಪಿಯನ್ ಬಂದ್ರೂ ಬೀಳ್ತಾರಂತೆ, ರೋಜಾ ಅಕ್ಕನೇ ಹೇಳಿದ್ರು.”

ಹೇಳುತ್ತಾ ಹೇಳುತ್ತಾ ಅಳು ಬಂದೇಬಿಟ್ಟಿತು.

ಅಜ್ಜಿ ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದು ತೇಜು ಕಣ್ಣು ಮುಚ್ಚಿಕೊಂಡಳು.

“ಅಂಗಾದ್ರೆ... ನನ್ ಕಾಲು ಸರಿಯಾಗವಾ?”

“ಹೂಂ ಅಜ್ಜಿ.”

“ದಿಟವಾಗ್ಲೂ?”

“ದೇವರಾಣೆ.”

ಅಜ್ಜಿ ಎರಡೂ ಪಾದಗಳನ್ನು ನೆಲಕ್ಕೆ ಊರಿ ಒಮ್ಮೆ ಒತ್ತಿ ನೋಡಿದರು. ಎದ್ದರು. ಹಾಲ್ ತನಕ ನಡೆದು ಬಂದು ರೋಜಾರನ್ನೇ ಕೇಳಿದರು. ರೋಜಾ ಉರುಳೆ ತೋರಿಸಿದರು, ಜಾರುವ ಬೆಲ್ಟ್ ತೋರಿಸಿದರು. ಫೋನ್ ಮುಗಿಸಿ ಬಂದ ಅಪ್ಪನೂ ಕೇಳಿಸಿಕೊಂಡರು. ಅವರ ಮುಖ ಕೆಂಪಾಯಿತು.

“ಅಲ್ಲ ಕಣೇ ತೇಜು, ಇಷ್ಟು ದಿನ ಸುಮ್ನಿದ್ಯಲ್ಲ! ಅಜ್ಜಿ ತಲೆಗೆ ಏಟು ಬಿದ್ದಿದ್ರೆ?”

“ಬೈಯಿ, ಬ್ಯಾಡ ಅನ್ನಲ್ಲ,” ಅಂದರು ಅಜ್ಜಿ. “ಆದ್ರೆ ಮೆಷಿನ್ ಕೊಡೋಕಿಲ್ಲ. ಮೂಗೂರ್ನೋರಿಗೆ ಯೋಳ್ಬುಡು.”

ಅಪ್ಪ ಬೈದರು. ಚೆನ್ನಾಗಿಯೇ ಬೈದರು. ಆಮೇಲೆ ರೋಜಾ ತೇಜುವಿನ ಕೈಗೆ ಬಟ್ಟೆ ಕೊಟ್ಟರು. “ಎಣ್ಣೆ ಸುರಿದೋರೇ ಒರೆಸ್ಬೇಕು.”

ತೇಜು ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಬೆಲ್ಟಿನ ಅಡಿಯನ್ನೂ ಹಲಗೆಯನ್ನೂ ಒರೆಸಿದಳು. ಬಟ್ಟೆ ಕಪ್ಪಾಯಿತು, ಬೇರೆ ಬಟ್ಟೆ ಬಂತು. ಪೂರ್ತಿ ಒಣಗಿದ ಮೇಲೆ ರೋಜಾ ಸಿಲಿಕೋನ್ ಎಣ್ಣೆಯನ್ನು ತೆಳ್ಳಗೆ ಒಂದು ಗೆರೆಯಂತೆ ಬಿಟ್ಟರು. ಹಿಂದಿನ ಎರಡು ಬೋಲ್ಟುಗಳನ್ನು ತೇಜುವಿನ ಕೈಯಲ್ಲೇ ಬಿಗಿ ಮಾಡಿಸಿದರು.

“ಕಾಲು ಸುತ್ತು ಮಾತ್ರ. ಈ ಕಡೆ ಎಷ್ಟೋ ಆ ಕಡೆನೂ ಅಷ್ಟೇ. ಇಲ್ದಿದ್ರೆ ಬೆಲ್ಟ್ ಒಂದು ಪಕ್ಕಕ್ಕೆ ಎಳೀತದೆ. ವಾರಕ್ಕೊಂದ್ಸಲ ಧೂಳು ಒರೆಸು. ಮೂರು ತಿಂಗ್ಳಿಗೆ ಒಂದ್ಸಲ ಎಣ್ಣೆ. ಯಾವ ಎಣ್ಣೆ?”

“ಸಿಲಿಕೋನ್!” ತೇಜು ಕೂಗಿದಳು.

ಖಾಲಿ ಬೆಲ್ಟ್ ಓಡಿತು. ರೋಜಾ ನಡೆದು ನೋಡಿದರು. ತೇಜುವೂ ನಡೆದಳು. ಜಾರಲಿಲ್ಲ.

ಭಾನುವಾರ ಬೆಳಿಗ್ಗೆ ಅಜ್ಜಿ ಶೂ ಹಾಕಿಕೊಂಡರು. ಮೆಷಿನ್ ನಿಧಾನವಾಗಿ ಹೊರಟಿತು. ತೇಜು ಎರಡೂ ಕೈ ಚಾಚಿಕೊಂಡು ಹಿಂದೆಯೇ ನಿಂತಳು.

“ಅದ್ಯಾಕ್ ಮಗ, ಕೋಳಿ ಇಡಿಯೋಳಂಗೆ ನಿಂತಿದ್ದೀಯೆ? ಮುಂದಕ್ ಬಾ.”

ತೇಜು ಮುಂದೆ ಬಂದು ನಿಂತಳು. ಮೊದಮೊದಲು ಅಜ್ಜಿ ತಮ್ಮ ಪಾದಗಳನ್ನೇ ನೋಡುತ್ತಿದ್ದರು. ಬೆರಳುಗಳು ಹಿಡಿಯನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದವು, ತುಟಿ ಬಿಗಿದಿತ್ತು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮೆಲ್ಲಗೆ ಒಂದು ಕೈ ಹಿಡಿಯನ್ನು ಬಿಟ್ಟಿತು. ಅಜ್ಜಿ ತಲೆ ಎತ್ತಿದರು.

ಆ ವಾರವೆಲ್ಲ ತೇಜು ಬೈಗುಳಕ್ಕೆ ಹೆದರಿಕೊಂಡೇ ಕಳೆದಿದ್ದಳು. ಅದೇ ಮನೆಯಲ್ಲಿ, ಅಷ್ಟೂ ದಿನ, ಅಜ್ಜಿಯೂ ಹೆದರಿಕೊಂಡಿದ್ದರು. ಅದು ಎಷ್ಟು ದೊಡ್ಡ ಹೆದರಿಕೆಯೆಂದು, ಅಜ್ಜಿಯ ಮುಖದಿಂದ ಅದು ಕರಗುತ್ತಿರುವುದನ್ನು ನೋಡುವಾಗಲೇ ತೇಜುವಿಗೆ ಗೊತ್ತಾದದ್ದು.

“ಸ್ಪೀಡ್ ಸ್ವಲ್ಪ ಜಾಸ್ತಿ ಮಾಡ್ಲಾ ಅಜ್ಜಿ?”

“ಬ್ಯಾಡ ಮಗ,” ಅಂದರು ಅಜ್ಜಿ. “ನಾನೇ ಮಾಡ್ಕತೀನಿ.”

ಕೈ ಚಾಚಿ ಬಟನ್ ಒತ್ತಿದರು.